ಎಮ್ಮೆಗೆ ಏನು ತಿಳಿದಿತ್ತು

ಪ್ರಾಣಿಗಳ ನಡವಳಿಕೆಯ ಶಾಸ್ತ್ರಕ್ಕೆ ನನ್ನ ಪ್ರವೇಶವಾದದ್ದು ಎಮ್ಮೆಯ ಹಿಂಗಾಲಿನ ಮೂಲಕ. ಅದು ನಿಜಾಮರ ಕಾಲ. ಹೈದರಾಬಾದಿನಲ್ಲಿ ಉರ್ದುವಿನಲ್ಲಿ ವಿಜ್ಞಾನ ಓದುತ್ತಿದ್ದ ನಾನು, ಬೇಸಿಗೆಯ ರಜೆಗೆ ಜೇವರ್ಗಿ ಹತ್ತಿರದ ಕೊಳಕೂರಿಗೆ ಬಂದಾಗ ಒಂದು ದಪ್ಪ ಪುಸ್ತಕ ತಂದಿದ್ದೆ. ಪ್ರಾಣಿ ಏನೇ ಮಾಡಲಿ, ಎರಡು ಪ್ರಶ್ನೆ ಕೇಳಬೇಕೆಂದು ಅದರ ಅಪ್ಪಣೆ: ಈ ಗಳಿಗೆಯಲ್ಲಿ ಅದನ್ನು ಮಾಡಿಸಿದ್ದು ಯಾವುದು? ಆ ಗುಣ ತಲೆತಲಾಂತರ ಉಳಿದು ಬಂದದ್ದು ಯಾಕೆ? ಕೇಳುವುದು ಸುಲಭ. ಎಮ್ಮೆ ಉತ್ತರ ಕೊಡಬೇಕಲ್ಲ!

ಮನೆಯಲ್ಲಿ ಬಾಣಂತಿ ಅಕ್ಕ, ಅವಳ ಎರಡು ತಿಂಗಳ ಕೂಸು. ಎದೆಹಾಲು ಸಾಲದೆ ಕೂಸಿನ ಜೀವ ಎಮ್ಮೆಯ ಹಾಲಿನ ಮೇಲೆ ನಿಂತಿತ್ತು. ಕರು ಸತ್ತ ಮೇಲೆ ಆ ಎಮ್ಮೆ ಅವ್ವ ಕೂತರೆ ಮಾತ್ರ ಹಾಲು ಬಿಡುತ್ತಿತ್ತು. ಅಂಥ ಅವ್ವ, ತವರಿನಲ್ಲಿ ಅಣ್ಣ ತೀರಿಕೊಂಡನೆಂದು ಮಾದನಹಿಪ್ಪರಗಾಕ್ಕೆ ಹೋದಳು. ಓಣಿಯ ಉಳಿದ ದನಗಳೆಲ್ಲ ಬತ್ತಿದ್ದವು.

ಆ ಸಂಜೆ ಹಿಂಡಲು ಬಂದ ಪಕ್ಕದ ಮನೆಯಾಕೆ, ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದವರು, ಚರಿಗೆ ಒದೆಸಿಕೊಂಡರು. ನಾನು ಕೂತು ತೊಡೆ ಒದೆಸಿಕೊಂಡೆ. ಒಳಗೆ ಕೂಸು ಅಳುತ್ತಿತ್ತು. ನಾನು ಪುಸ್ತಕ ತೆರೆದೆ.

"ಯಾ ಅಲ್ಲಾ! ಕೂಸು ಚೀರಾಕತ್ತದ, ನೀ ಕಿತಾಬ್ ಓದಾಕತ್ತೀಯೇನೋ ಬೇಟಾ?" ಎಂದರು ಖಾಲಾ.

"ಕಾರಣ ಹುಡುಕಾಕತ್ತೇನ್ರಿ. ಕಂಡಕಂಡವರಿಗೆ ಹಾಲ ಬಿಟ್ಟ ಎಮ್ಮಿಗಳ ಕರು ಉಪಾಸ ಸತ್ತವು. ಹಿಡಿದಿಟ್ಟವುಗಳ ವಂಶ ಬೆಳೀತು. ಹಂಗಾಗಿ ಇದೂ..."

"ಇದರ ಕರು ಸತ್ತೇ ಹೋಗ್ಯಾದಲ್ಲೋ. ಇನ್ಯಾರಿಗೆ ಹಿಡಿದಿಟ್ಟದ?"

ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಇದ್ದರೂ ನನ್ನ ಉರ್ದುವಿಗೆ ಸಿಗಲಿಲ್ಲ. ಮೊದಲ ಪ್ರಶ್ನೆಗೇ ಮರಳಿದೆ. ಎಮ್ಮೆ ಅವ್ವನನ್ನು ಯಾವುದರಿಂದ ಗುರುತಿಸುತ್ತದೆ? ಸೀರೆಯ ವಾಸನೆಯಿಂದಲೋ, ಬಳೆಯ ಸದ್ದಿನಿಂದಲೋ, ಹಿಂಡುವಾಗ ಅವಳು ತಪ್ಪದೆ ಬೈಯುವ ಬೈಗುಳದಿಂದಲೋ? ಒಂದೊಂದಾಗಿ ಪರೀಕ್ಷಿಸುವುದೇ ಶಾಸ್ತ್ರಧರ್ಮ.

ಬಾಣಂತಿ ಕೊಟ್ಟಿಗೆಗೆ ಬರುವಂತಿಲ್ಲ. ಅಕ್ಕ ಹೊಸ್ತಿಲಲ್ಲೇ ನಿಂತು ಅವ್ವನ ಒಗೆಯದ ಸೀರೆಯನ್ನು ನನ್ನತ್ತ ಎಸೆದಳು. "ಉಟ್ಕೋ. ಪೆಟಗ್ಯಾಗಿನ ಹಳೀ ಬಳೀನೂ ಹಾಕ್ಕೋ. ಅವ್ವ ಬೈದಂಗ ಬೈ."

"ಮೂರೂ ಕೂಡಿಸಿದ್ರ ಯಾವುದರಿಂದ ಆತು ಅಂತ ಗೊತ್ತಾಗೂದಿಲ್ಲಕ್ಕಾ."

"ನಿನ್ನ ಶಾಸ್ತ್ರಕ್ಕ ಬೆಂಕಿ ಹಚ್ಚ! ಕೂಸಿನ ದನಿ ಇಳ್ಯಾಕತ್ತದ, ಕೇಳಸ್ತದೋ ಇಲ್ಲೋ?"

ನಿಜವಾಗಿಯೂ ಇಳಿದಿತ್ತು. ಸೀರೆ ಉಟ್ಟೆ. ಬಳೆ ಮುಷ್ಟಿ ದಾಟದ್ದರಿಂದ ದಾರದಲ್ಲಿ ಮಣಿಕಟ್ಟಿಗೆ ಕಟ್ಟಿಕೊಂಡೆ. ಹೊಸ ಮೀಸೆಯ ಮೇಲೆ ಸೆರಗೆಳೆದುಕೊಂಡು ಕೂತು, "ನಿಂದ್ರ ಬೇ ಖೋಡಿ, ನಿನ್ನ ಬಾಯಾಗ ಮಣ್ಣ ಹಾಕ!" ಎಂದೆ. ಖಾಲಾ ಗೋಡೆ ಹಿಡಿದುಕೊಂಡು ನಕ್ಕರು. ಎಮ್ಮೆ ಕತ್ತು ತಿರುಗಿಸಿ ನನ್ನನ್ನು ಬಹಳ ಹೊತ್ತು ನೋಡಿತು, ಮೂಸಿತು, ನಿಟ್ಟುಸಿರು ಬಿಟ್ಟಿತು. ಆಮೇಲೆ ಹಾಲು ಬಿಟ್ಟಿತು. ನನ್ನನ್ನು ಅವ್ವ ಎಂದುಕೊಂಡಿತೋ, ಅಯ್ಯೋ ಪಾಪ ಅಂದುಕೊಂಡಿತೋ, ಕೆಚ್ಚಲಿನ ಭಾರ ತಾಳದಾಯಿತೋ, ಆ ದೇವರೇ ಬಲ್ಲ.

ಮರುದಿನ ಬೆಳಿಗ್ಗೆ ಶಾಸ್ತ್ರೋಕ್ತವಾಗಿ ಧೋತರದಲ್ಲೇ ಕೊಟ್ಟಿಗೆಗೆ ಹೊರಟೆ.

"ಸೀರಿ ಎಲ್ಲೋ?" ಎಂದಳು ಅಕ್ಕ.

"ಇವತ್ತ ಬರೇ ಬೈಗುಳ. ಹಾಲ ಬಿಟ್ರ ದನಿಯಿಂದ ಅಂತ ಖಾತ್ರಿ ಆಗ್ತದ."

"ಬಿಡಲಿಲ್ಲಂದ್ರ?"

ಅವಳ ತೊಡೆಯ ಮೇಲೆ ಕೂಸು ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು. ನಾನು ಹಿಂದಿರುಗಿ ಸೀರೆ ಉಟ್ಟೆ. ಅವ್ವ ಮರಳುವವರೆಗಿನ ಮೂರು ದಿನದಲ್ಲಿ ಆರು ಸಲ ಉಟ್ಟೆ. ಆರು ಸಲವೂ ಹಾಲು ಬಂತು. ಯಾಕೆ ಬಂತೆಂಬುದು ಮಾತ್ರ ಈ ಹೊತ್ತಿಗೂ ನನಗೆ ತಿಳಿದಿಲ್ಲ.