ರೋಜಾ ತಿಂಗಳ ಹಲ್ಲು

ಕಾರಟಗಿಯ ರೈಸ್ ಮಿಲ್ಲಿನಲ್ಲಿ ಭತ್ತದ ಹಸಿ ನೋಡುತ್ತಿದ್ದ ಚಾಚಾ ತೇವ ಅಳೆಯುವ ಯಂತ್ರವನ್ನು ನಂಬುತ್ತಿರಲಿಲ್ಲ. ಕಾಳನ್ನು ಸುಲಿದು ಹಲ್ಲಿನಲ್ಲಿ ಕಡಿಯುತ್ತಿದ್ದರು. ‘ಕಟ್’ ಎಂದರೆ ಒಣಗಿದೆ, ಮೆತ್ತಗಾದರೆ ಹಸಿ. ರಂಜಾನ್ ತಿಂಗಳಲ್ಲಿ ಮಾತ್ರ, ರೋಜಾ ಉಪವಾಸವಿದ್ದುದರಿಂದ, ಕಡಿಯಲು ಕಾಳನ್ನು ನನ್ನ ಅಂಗೈಗಿಡುತ್ತಿದ್ದರು. ನನಗಾಗ ಇಪ್ಪತ್ತೆರಡು, ಕೆಲಸಕ್ಕೆ ಹೊಸಬ, ದೇವರಿಗೆ ಕೈಮುಗಿಯುವುದನ್ನು ಬಿಟ್ಟವನು.

“ಕಡಿದು ಉಗುಳಿಬಿಡ್ರಿ ಚಾಚಾ, ಯಾರು ನೋಡ್ತಾರ?” ಎಂದಿದ್ದೆ.

“ನಾ ನೋಡ್ತೀನಲ್ಲೋ ತಮ್ಮಾ. ಹೇಳು, ಏನಂತೈತಿ ನಮ್ಮ ಹಲ್ಲು?”

ಒಂದು ಮಧ್ಯಾಹ್ನ ಬಂದ ಟ್ರ್ಯಾಕ್ಟರಿನ ಭತ್ತದಲ್ಲಿ ನಾನು ಅವಸರದಲ್ಲಿ ಒಂದೇ ಕಾಳು ಕಡಿದು, “ಒಣಗೈತ್ರಿ” ಎಂದೆ. ಚಾಚಾ ಭತ್ತ ಇಳಿಸಿಕೊಂಡರು. ನಾಲ್ಕನೇ ದಿನ ಆ ರಾಶಿ ಒಳಗೇ ಬಿಸಿಯಾಗಿ ಮುಗ್ಗಿತ್ತು. ಮಿಲ್ಲಿನ ಸಾವಕಾರರು ಎಲ್ಲರೆದುರು ಕೂಗಾಡಿದರು.

“ಇಳಿಸ್ರಿ ಅಂದಾಂವ ನಾನ್ರಿ. ತಪ್ಪು ನಂದು,” ಎಂದರು ಚಾಚಾ.

“ರೋಜಾ ಐತಿ ನಿಮಗ. ಕಡದಾಂವ ಯಾರು?”

ಚಾಚಾ ನನ್ನತ್ತ ನೋಡಲಿಲ್ಲ. ನಾನೇ ಮುಂದೆ ಬಂದೆ.

“ನಾನ್ರಿ,” ಎಂದೆ.

ಅಷ್ಟರಲ್ಲಿ ಇನ್ನೊಂದು ಟ್ರ್ಯಾಕ್ಟರ್ ಬಂತು. ಸಾವಕಾರರು ನೋಡುತ್ತಿರುವಾಗಲೇ ಚಾಚಾ ನನ್ನ ಅಂಗೈಗೆ ಕಾಳು ಸುರಿದರು. “ಏನಂತೈತಿ ನಮ್ಮ ಹಲ್ಲು?”

ಒಂದೊಂದಾಗಿ ಕಡಿದೆ. ಹತ್ತನೆಯದು ಮೆತ್ತಗಿತ್ತು, ಹನ್ನೊಂದನೆಯದೂ.

“ಹಸಿ ಐತ್ರಿ.”

ಚಾಚಾ ಮತ್ತೊಂದು ಮಾತು ಕೇಳದೆ ಟ್ರ್ಯಾಕ್ಟರನ್ನು ತಿರುಗಿಸಿ ಕಳಿಸಿದರು.