ಅದು ಅಜ್ಜಿಯ ಹಾಡಲ್ಲ, ಮಹಾನಂದಾಳ ಹಾಡು

ಮೊನ್ನೆ ಭಾನುವಾರ ಇಂಡಿಯಲ್ಲಿ, ತುಂಬಿದ ಸಭೆಯ ಎದುರಿಗೆ, ಒಬ್ಬ ದೊಡ್ಡ ಮನುಷ್ಯರ ಕೈಯಿಂದ ಒಬ್ಬ ಹೆಣ್ಣುಮಗಳು ಪೆನ್ನು ಕಿತ್ತುಕೊಂಡಳು. ನಾನು ಜೋರಾಗಿ ಚಪ್ಪಾಳೆ ಹೊಡೆದೆ. ಹೊಡೆದವಳು ನಾನೊಬ್ಬಳೇ ಅಂತ ಆಮೇಲೆ ಗೊತ್ತಾಯಿತು.

ಅಂದಿನಿಂದ ಫೋನ್ ಮೇಲೆ ಫೋನ್. "ಮೇಡಂ, ನೀವರ ಆಕಿಗಿ ತಿಳಿಸಿ ಹೇಳಬೇಕಿತ್ತು. ಹಿರ್‍ಯಾರಿಗೆ ಹಂಗ ಮಾಡ್ತಾರೇನ್ರಿ?"

ಮಾಡುತ್ತಾರೆ. ಮಾಡಬೇಕು. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಆ ಹೆಣ್ಣುಮಗಳ ಹೆಸರು ಮಹಾನಂದಾ. ಆಲಮೇಲದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ತಾನೇ ಹಾಡು ಬರೆಯುತ್ತಾಳೆ, ತಾನೇ ರಾಗ ಹಾಕುತ್ತಾಳೆ, ತಾನೇ ಹಾಡುತ್ತಾಳೆ. ಮೊಬೈಲ್ ನೋಡಿ ನೋಡಿ ಗಿಟಾರ್ ಕಲಿತಳು. (ಊರವರು ಮೊದಲು ನಕ್ಕರು. ಈಗ ನಮ್ಮ ಹುಡುಗಿಗೂ ಕಲಿಸು ಅಂತ ಬರುತ್ತಾರೆ.) ಒಂದು ಸಲ ನನ್ನ ಅಳತೆ ತೆಗೆದುಕೊಳ್ಳುತ್ತ ಏನೋ ಗುನುಗುತ್ತಿದ್ದಳು. ಯಾವ ಹಾಡು ಅದು ಅಂದೆ. "ನಂದ ಐತ್ರಿ ಅಕ್ಕಾರ, ಇನ್ನೂ ಮುಗದಿಲ್ಲ" ಅಂದಳು. ನಮ್ಮ ಗೆಳೆತನ ಅಲ್ಲಿಂದ ಶುರು.

ಅವಳ ಮೊದಲ ಆಲ್ಬಮ್ಮಿನ ಹೆಸರು 'ನಿಂಬಿ ಮುಳ್ಳು'. ಹರೆಯದಲ್ಲಿ ಇಂಡಿ ಕಡೆಯ ನಿಂಬೆ ತೋಟಗಳಿಗೆ ಕಾಯಿ ಬಿಡಿಸಲು ಹೋಗುತ್ತಿದ್ದವಳು ಅವಳು. ಆ ತೋಟದ ಹಾಡು, ಬಸ್ಸಿನ ಹಾಡು, ಅತ್ತೆಯ ಹಾಡು. ಎಲ್ಲವೂ ಹೊಲಿಗೆ ಮಷಿನ್ ಮುಂದೆ ಕೂತು ಕಟ್ಟಿದ್ದು.

ಬಿಡುಗಡೆ ಇಟ್ಟುಕೊಂಡದ್ದು ಇಂಡಿಯ ಬಸ್ ಸ್ಟ್ಯಾಂಡ್ ಹತ್ತಿರ, ಶ್ರೀಶೈಲ ಕಾಕಾನ ಕ್ಯಾಸೆಟ್ ಅಂಗಡಿಯಲ್ಲಿ. ಈಗ ಅಲ್ಲಿ ಮಾರಾಟವಾಗುವುದು ಸ್ಪೀಕರ್ ಮತ್ತು ಮೊಬೈಲ್ ಕವರ್. ಆದರೂ ಒಂದು ಗೋಡೆ ತುಂಬ ಹಳೇ ಕ್ಯಾಸೆಟ್, ಸಿಡಿ ಹಾಗೇ ಇವೆ. ಮಹಾನಂದಾ ಸಿಡಿ ಮಾಡಿಸುತ್ತೇನೆ ಅಂದಾಗ ಕಾಕಾ ನಕ್ಕುಬಿಟ್ಟ. "ಈಗ ಸಿಡಿ ಯಾರ ಕೇಳ್ತಾರವಾ? ಟ್ರ್ಯಾಕ್ಟರಿಗೆ ಹಾಕಾಕ ಪೆನ್‌ಡ್ರೈವ್ ಬೇಕು." ಹಾಗಾಗಿ ಆಲ್ಬಮ್ ಬಂದದ್ದು ಪೆನ್‌ಡ್ರೈವಿನಲ್ಲಿ. ಅದನ್ನು ಸಿಕ್ಕಿಸಿದ ರಟ್ಟಿನ ಕಾರ್ಡ್ ಮೇಲೆ ಅವಳ ಫೋಟೋ. ಕೆಳಗೆ 'ಸಾಹಿತ್ಯ, ರಾಗ, ಗಾಯನ: ಮಹಾನಂದಾ'. ಮೊದಲು ಅವಳು ಹಾಡುವುದು. ಆಮೇಲೆ ಕೊಂಡವರಿಗೆ ಆ ಕಾರ್ಡ್ ಮೇಲೆ ಸಹಿ ಹಾಕಿಕೊಡುವುದು. ಪ್ಲ್ಯಾನ್ ಇಷ್ಟೇ.

ಇಷ್ಟೇ ಇದ್ದರೆ ನಮಗೆ ಸಮಾಧಾನವೇ? ದೊಡ್ಡವರು ಒಬ್ಬರು ಇಲ್ಲದಿದ್ದರೆ ಜನ ಬರುವುದಿಲ್ಲ ಅಂತ ಯಾರೋ ಕಾಕಾನ ತಲೆ ತುಂಬಿದರು. ಯಾವ ಕಾರ್ಯಕ್ರಮವಿದ್ದರೂ ನಡುವಿನ ಕುರ್ಚಿಯಲ್ಲಿ ಕಾಣುವ ಹಿರಿಯರೊಬ್ಬರಿದ್ದಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಹೋದರೂ ಅವರೇ. ಹೆಸರು ಬೇಡ. (ನಿಮ್ಮೂರಲ್ಲೂ ಒಬ್ಬರಿರುತ್ತಾರೆ, ಅವರನ್ನೇ ನೆನೆಸಿಕೊಳ್ಳಿ.) ಕಾಕಾ ಅವರನ್ನೇ ಅತಿಥಿಯಾಗಿ ಕರೆದ.

ಅತಿಥಿ ಬಂದರು. ಗಿಟಾರ್ ನೋಡಿದರು. ಮುಖ ಕಿವುಚಿದರು.

"ಇದ್ಯಾಕವಾ ತಂಗಿ? ಜಾನಪದಕ್ಕ ಇದು ಹೊಂದೂದಿಲ್ಲ."

"ಜಾನಪದ ಅಲ್ರಿ ಸರ. ನನ್ನ ಹಾಡ ಅದಾವ್ರಿ."

"ಹಾಂ ಹಾಂ, ಅದ."

ಅದಲ್ಲ ಅಂತಲೇ ಅಲ್ಲವೇ ಅವಳು ಹೇಳಿದ್ದು? ಅವರ ಹಿಂದೆ ಬಂದವನೊಬ್ಬ ಎಲ್ಲಿಂದಲೋ ಒಂದು ಏಕತಾರಿ ತಂದು ಅವಳ ಕೈಗೆ ತುರುಕಿದ. "ಫೋಟೋಕ್ಕ ಚೊಲೊ ಕಾಣ್ತೈತಿ" ಅಂದ. ಮಹಾನಂದಾ ಜನ್ಮದಲ್ಲಿ ಏಕತಾರಿ ಮುಟ್ಟಿದವಳಲ್ಲ. ಕಾಕಾನ ಮುಖ ನೋಡಿ ಸುಮ್ಮನೆ ಹಿಡಿದುಕೊಂಡಳು. ಗಿಟಾರ್ ಕೌಂಟರಿನ ಹಿಂದೆ ಹೋಯಿತು. ನನಗೆ ಅಲ್ಲೇ ಮೈ ಉರಿಯಿತು.

ಆಮೇಲೆ ಭಾಷಣ. ಇನ್ನೂ ಒಂದು ಹಾಡೂ ಆಗಿಲ್ಲ, ನೆನಪಿರಲಿ. "ಈ ಹಾಡುಗಳನ್ನು ಬರೆದವರು ಯಾರು? ಯಾರಿಗೂ ಗೊತ್ತಿಲ್ಲ! ನಮ್ಮ ಅಜ್ಜಿಯಂದಿರು ಬೀಸುವಾಗ, ಕುಟ್ಟುವಾಗ ಹಾಡಿದ ಹಾಡುಗಳಿವು. ಅವರು ಎಂದೂ ಹೆಸರು ಬಯಸಲಿಲ್ಲ!" ಚಪ್ಪಾಳೆ.

ಬರೆದವಳು ಅವರ ಪಕ್ಕದಲ್ಲೇ ನಿಂತಿದ್ದಾಳೆ! ಆ ಆಲ್ಬಮ್ಮಿನಲ್ಲಿ, ಗಂಡನ ಜೊತೆ ಜಗಳ ತೆಗೆದಾಗಲೇ ರೀಚಾರ್ಜ್ ಮುಗಿದು ಫೋನ್ ಕಟ್ ಆಗುವ ಹಾಡೊಂದಿದೆ. ಯಾವ ಅಜ್ಜಿ ಜೋಳ ಬೀಸುತ್ತ ರೀಚಾರ್ಜ್ ಮಾಡಿಸಿದ್ದಳು?

ಮಹಾನಂದಾ ಬಾಯಿ ಬಿಟ್ಟಳು. "ಸರ, ನಾ ಬರದೇನ್ರಿ ಇವನ್ನ."

ಅವರು ಮೈಕಿನಲ್ಲೇ ನಕ್ಕರು. "ಹಾಡಿ ಹಾಡಿ ತಾನ ಬರದಂಗ ಅನಸ್ತೈತಿ ತಂಗಿ, ತಪ್ಪಲ್ಲ. ಖರೇನ ನೀ ಬರದಿದ್ರ, ಈಗ ಇಲ್ಲೇ ನಿಂತು ಒಂದ ಹಾಡ ಕಟ್ಟಿ ತೋರಸು, ನೋಡೂಣು."

ಸಭೆಯೂ ನಕ್ಕಿತು. ಅವಳು ನಗಲಿಲ್ಲ.

"ಇವತ್ತ ನಂದು ಪರೀಕ್ಷಾ ಇಲ್ರಿ ಸರ. ಬಿಡುಗಡಿ ಐತಿ."

ಕಾಕಾ ಗಡಬಡಿಸಿ ಅತಿಥಿಗೆ ಶಾಲು ಹೊದಿಸಿ, ಬಿಡುಗಡೆ ಆಯಿತು ಅಂತ ಘೋಷಿಸಿಬಿಟ್ಟ. ಹಾಡು? ಆಮೇಲೆ ನೋಡೋಣ! ಕೊಳ್ಳುವವರು ಸಾಲು ನಿಂತರು. ಸಹಿ ಹಾಕುವವಳಿಗೆ ಅಂತ ಒಂದು ಟೇಬಲ್, ಒಂದು ಕುರ್ಚಿ ಇತ್ತು. ಅದರಲ್ಲಿ ಹೋಗಿ ಕೂತವರು ಯಾರು? ಅತಿಥಿ. ಅವಳಿಗಾಗಿ ಇಟ್ಟಿದ್ದ ಪೆನ್ನು ಎತ್ತಿಕೊಂಡರು. ಒಂದೊಂದೇ ಕಾರ್ಡ್ ಮೇಲೆ ಸಹಿ ಹಾಕತೊಡಗಿದರು. ಉದ್ದನೆಯ, ಬಾಲವಿರುವ ಸಹಿ. ಅದು ಬಿದ್ದದ್ದು ಸರಿಯಾಗಿ 'ಮಹಾನಂದಾ' ಅನ್ನುವ ಅಕ್ಷರಗಳ ಮೇಲೆ. ಜನ ಅದನ್ನೇ ಹಿಡಿದು ಅವರ ಜೊತೆ ಸೆಲ್ಫಿ ತೆಗೆದುಕೊಂಡರು.

ಅವಳು ಏಕತಾರಿಯನ್ನು ಟೇಬಲ್ ಮೇಲೆ ಇಟ್ಟಳು. ಅವರ ಬೆರಳುಗಳ ನಡುವಿನಿಂದ ಪೆನ್ನು ಕಿತ್ತುಕೊಂಡಳು.

"ಏಳ್ರಿ ಸರ. ಇದು ನಾ ಕೂಡೂ ಕುರ್ಚಿ."

ಎದ್ದರು. "ಎಷ್ಟ ಸೊಕ್ಕು ಈಕಿಗಿ" ಅನ್ನುತ್ತ ಹೊರಟರು. ಮುಂದಿನ ಸಾಲು ಪೂರಾ ಅವರ ಹಿಂದೆ ಎದ್ದು ನಡೆಯಿತು. ಉಳಿದವರಲ್ಲೂ ಬಹಳ ಜನ ಜಾರಿಕೊಂಡರು. ಕಾಕಾ ತಲೆ ಮೇಲೆ ಕೈ ಹೊತ್ತ. "ನಾಳಿಂದ ನಾ ಈ ಊರಾಗ ಹೆಂಗ ಅಂಗಡಿ ನಡಸ್ಲೆವಾ?" ಅಂದ. ಅವನ ಭಯ ಸುಳ್ಳಲ್ಲ. ಆದರೆ ಮಹಾನಂದಾ ಅಂದದ್ದು ಒಂದೇ ಮಾತು. "ಕಾಕಾ, ಗಿಟಾರ್ ಕೊಡ್ರಿ."

ಕಾಕಾ ಕೌಂಟರಿನ ಹಿಂದಿನಿಂದ ಎತ್ತಿ ಕೊಟ್ಟ.

ಮೊದಲ ಸಲ ರಾಗ ತಪ್ಪಿತು. ನಿಲ್ಲಿಸಿ ಮತ್ತೆ ಹಿಡಿದಳು.

ಹಳದಿ ನಿಂಬಿ ಲಾರಿ ಏರಿ ಊರ ದಾಟಿ ಹೋದಾವ
ಮುಳ್ಳ ಮಾತ್ರ ನನ್ನ ಕೈಯಾಗ ಮನಿ ಮಾಡಿ ಉಳದಾವ

ಖಾಲಿ ಕುರ್ಚಿಗಳಿಗೆ ಹಾಡುತ್ತಾಳೇನೋ ಅಂದುಕೊಂಡೆ. ಇಲ್ಲ. ಹೊರಗೆ ಝಳಕಿಯ ಟೆಂಪೋಗೆ ಕಾದು ನಿಂತಿದ್ದ ಹೆಂಗಸರು ಒಬ್ಬೊಬ್ಬರೇ ಒಳಗೆ ಬಂದು ಕೂತರು. ಟೆಂಪೋ ಬಂದು ಹಾರ್ನ್ ಹೊಡೆದರೂ ಕೆಲವರು ಏಳಲಿಲ್ಲ. ಹಾಡು ಮುಗಿದ ಮೇಲೆ ಅವರಲ್ಲೊಬ್ಬಳು ಕೇಳಿದಳು, "ಯವ್ವಾ, ಇದನ್ನ ಯಾರ ಬರದಾರ?"

"ನಾ ಬರದೇನಿ."

"ಚೊಲೊ ಬರದಿ."

ನೋಡಿ, ಮುಗಿಯಿತು. ಕೇಳಿದಳು, ಉತ್ತರ ಬಂತು, ನಂಬಿದಳು. ಇದರಲ್ಲಿ ಕಷ್ಟದ್ದೇನಿದೆ? ಮಹಾನಂದಾ ಅಲ್ಲಿಯವರೆಗೆ ಅತ್ತಿರಲಿಲ್ಲ, ಆಗ ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು ಕುರ್ಚಿಯಲ್ಲಿ ಕೂತು ಸಹಿ ಹಾಕಿದಳು. ನನ್ನ ಕಾರ್ಡ್ ಮೇಲೂ.

ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಪ್ಯಾಂಟು ಹಾಕಿದ ಹುಡುಗನೊಬ್ಬ ಸಿಟಿಯಿಂದ ಬಂದು ಇದೇ ಗಿಟಾರ್ ಹಿಡಿದು ತನ್ನ ಹಾಡು ಹಾಡಿದ್ದರೆ ಅವನು ಸಿಂಗರ್, ಸಾಂಗ್ ರೈಟರ್, ಕವಿ. ಅವನಿಗೆ ಯಾರಾದರೂ ಏಕತಾರಿ ಕೊಡುತ್ತಿದ್ದರೇ? ಕಟ್ಟಿ ತೋರಿಸು ಅನ್ನುತ್ತಿದ್ದರೇ? ಆಲಮೇಲದ ಹೆಣ್ಣುಮಗಳು ಇಳಕಲ್ ಸೀರೆ ಉಟ್ಟು ಹಾಡಿದ ಕೂಡಲೇ ಅದು ಜಾನಪದ, ಅಂದರೆ ಊರವರೆಲ್ಲರ ಆಸ್ತಿ, ಅವಳೊಬ್ಬಳನ್ನು ಬಿಟ್ಟು! ನಾನು ಜನಪದ ಹಾಡಿನ ವೈರಿಯಲ್ಲ. ಆ ಅಜ್ಜಿಯಂದಿರು ಹೆಸರು ಬಯಸಲಿಲ್ಲ ಅಂತ ಇವರಿಗೆ ಹೇಳಿದವರು ಯಾರು? ಅವರ ಹೆಸರು ಯಾರಾದರೂ ಕೇಳಿದ್ದರೇ?

ಮರುದಿನ ಪೇಪರಿನಲ್ಲಿ ಸುದ್ದಿ ಬಂತು. ಏಕತಾರಿ ಹಿಡಿದ ಫೋಟೋ. ಅತಿಥಿಗಳ ಭಾಷಣ ಪೂರ್ತಿ. ಕೊನೆಯ ಸಾಲಿನಲ್ಲಿ, 'ಮಹಾನಂದಾ ಮತ್ತು ಸಂಗಡಿಗರು ಜಾನಪದ ಗೀತೆಗಳನ್ನು ಹಾಡಿದರು.'

ಸಂಗಡಿಗರೇ? ಅಲ್ಲಿ ಅವಳ ಜೊತೆ ಒಂದು ನರಪಿಳ್ಳೆಯೂ ಹಾಡಲಿಲ್ಲ. ಒಬ್ಬ ಹೆಣ್ಣುಮಗಳು ಒಬ್ಬಳೇ ಕೂತು ಒಂದು ಹಾಡು ಬರೆದಳು ಅಂತ ಒಪ್ಪಿಕೊಳ್ಳಲು ನಮಗೆ ಇನ್ನೆಷ್ಟು ಜನ ಸಂಗಡಿಗರು ಬೇಕು?