ತೊಳೆದಿಟ್ಟ ಮಣ್ಣು

ಎದುರಾಳಿ ಬಾಯಿ ತೆರೆದ ಕೂಡಲೇ ಪುರಾವೆ ಕೇಳಬೇಕು ಎಂಬುದು ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಅಂಟಿಸಿದ ಚಟ. ಬಾಳೂರಿನ ಹತ್ತಿರ ಚಿಕ್ಕಪ್ಪ ನಡೆಸುವ ಪಲ್ಪರ್ ಘಟಕಕ್ಕೆ ಕೆಲಸಕ್ಕೆ ಸೇರಿದಾಗಲೂ ಅದನ್ನು ಬಿಟ್ಟು ಬರಲಿಲ್ಲ.

ಸುತ್ತಲಿನ ಬೆಳೆಗಾರರ ಕಾಫಿ ಹಣ್ಣನ್ನು ಸುಲಿದು, ತೊಳೆದು, ಒಣಗಿಸಿ ಕೊಡುವ ಜಾಗ ಅದು. ಹಿಂದೆ ಗದ್ದೆಯಾಗಿದ್ದ ತಗ್ಗಿನಲ್ಲಿದೆ. ತೊಳೆದ ಹುಳಿ ನೀರು ತುಂಬಿಡಲು ಎಂಟಡಿ ಆಳದ ಗುಂಡಿ ತೆಗೆಸಬೇಕೆಂದು ಚಿಕ್ಕಪ್ಪ ತಗ್ಗಿನ ತುದಿಯಲ್ಲಿ ನಾಲ್ಕು ಗೂಟ ಹೊಡೆಸಿದರು. ಅದರ ಕೆಳಗೇ ಕೂಲಿಕಾರರ ಸಾಲುಮನೆಗಳ, ಅಂದರೆ ಲೈನಿನ, ಬಾವಿ. ಕಾಫಿ ಒಣಗಿಸುವ ಕಣ ನೋಡಿಕೊಳ್ಳುವ ಹಿರಿಯ ಹೆಂಗಸು, ನಮಗೆಲ್ಲ ಅಕ್ಕ, ಲೈನಿನಲ್ಲೇ ಇರುವವರು. ಆ ಬಾವಿಯ ನೀರನ್ನೇ ಕುಡಿಯುವವರು.

"ಆ ಗಲೀಜೆಲ್ಲ ನಮ್ಮ ಬಾವಿಗೆ ಇಳಿಯುತ್ತೆ" ಎಂದರು ಅಕ್ಕ.

"ಇಳಿಯಲ್ಲ ಅಕ್ಕ. ಇಲ್ಲಿ ಗದ್ದೆ ಇತ್ತಲ್ಲ, ನೀರು ನಿಲ್ತಿತ್ತಲ್ಲ? ಅಂದ್ರೆ ಕೆಳಗೆ ಜೇಡಿ ಇದೆ. ಜೇಡಿ ದಾಟಿ ನೀರು ಇಳಿಯಲ್ಲ."

"ನೀವು ನೋಡಿದೀರಾ?"

ನೋಡಿರಲಿಲ್ಲ.

ಹಾಗಾಗಿ ಚಿಕ್ಕಮಗಳೂರಿನ ಭೂವಿಜ್ಞಾನಿಯೊಬ್ಬರಿಗೆ ಫೋನ್ ಮಾಡಿದೆ. ಬೈರಿಗೆಯಲ್ಲಿ ನೆಲ ಕೊರೆಸಿ, ಅಡಿಗೊಂದು ಹಿಡಿಯಂತೆ ಮಣ್ಣು ತೆಗೆದಿಡಿ, ಮರುದಿನ ಬಂದು ನೋಡುತ್ತೇನೆ ಎಂದರು. ಕೊರೆಯುವ ದಿನ ನಾನು ಪೈಪು ತರಲು ಮೂಡಿಗೆರೆಗೆ ಹೋಗಬೇಕಾಯಿತು. ಮಣ್ಣಿನ ಜವಾಬ್ದಾರಿಯನ್ನು ಅಕ್ಕನಿಗೆ ಒಪ್ಪಿಸಿದೆ.

ಮರುದಿನ ಕಣದ ಕಟ್ಟೆಯ ಮೇಲೆ ತಟ್ಟೆಗಳ ಸಾಲು. ಒಂದೊಂದರಲ್ಲೂ ಚೊಕ್ಕವಾದ ಮರಳು. ಭೂವಿಜ್ಞಾನಿಗಳು ಬೆರಳಾಡಿಸಿ ನೋಡಿದರು.

"ಜೇಡಿ ಎಲ್ಲೂ ಇಲ್ಲ. ಇಲ್ಲಿ ಗುಂಡಿ ಬೇಡ. ನೀರು ಸೀದಾ ಇಳಿಯುತ್ತೆ."

ಅಕ್ಕ ನನ್ನ ಕಡೆ ನೋಡಲೂ ಇಲ್ಲ, ಸೆರಗಿನಿಂದ ಕಟ್ಟೆ ಒರೆಸಿದರು. ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಮರಳಿನ ಮೇಲೆ ಇಷ್ಟು ವರ್ಷ ಭತ್ತ ಹೇಗೆ ಬೆಳೆದರು? ಗೋಡೆಗೆ ಒರಗಿಸಿದ್ದ ಬೈರಿಗೆಯ ಸುರುಳಿಯಲ್ಲಿ ಬೂದು ಬಣ್ಣದ ಜೇಡಿ ಒಣಗಿ ಕೂತಿತ್ತು.

"ಇದೆಲ್ಲಿಂದ ಬಂತು ಅಕ್ಕ?"

"ಅದೇ, ತಟ್ಟೆಲಿರೋ ಮಣ್ಣನ್ನೆಲ್ಲ ತೊಳೆದೆ. ಮೂರು ನೀರಲ್ಲಿ." ಅವರ ದನಿಯಲ್ಲಿ ಅಳುಕಿರಲಿಲ್ಲ. "ದೊಡ್ಡೋರಿಗೆ ತೋರಿಸೋದನ್ನ ಕೆಸರಲ್ಲೇ ಇಡ್ತಾರಾ? ಕಾಫಿನ ಹಾಗೆ ಇಟ್ರೆ ನಿಮ್ಮ ಚಿಕ್ಕಪ್ಪ ಬಿಡ್ತಾರಾ?"

ಭೂವಿಜ್ಞಾನಿಗಳು ಕನ್ನಡಕ ತೆಗೆದು ನಕ್ಕರು. ನಾನೂ ನಕ್ಕೆ. ಜೇಡಿ ಇದ್ದರೆ ಗುಂಡಿ ಬಂದೇ ಬರುತ್ತದೆ, ತೊಳೆದ ಕೆಸರಿನ ಜೊತೆ ತನ್ನ ಬಾವಿಯೂ ಹೋಯಿತು ಎಂದು ಅಕ್ಕನಿಗೆ ಹೊಳೆದದ್ದು ಆಮೇಲೆ. ಮುಖ ಇಳಿಯಿತು. ನನ್ನ ನಗು ಅಲ್ಲಿಗೇ ನಿಂತಿತು.

ಪಕ್ಕದಲ್ಲೇ ಇನ್ನೊಮ್ಮೆ ಕೊರೆಸಿದೆವು, ಎಲ್ಲರೂ ಸುತ್ತ ನಿಂತು. ನಾಲ್ಕಡಿಗೆ ಜೇಡಿ ಸಿಕ್ಕಿತು, ಬೆಣ್ಣೆಯ ಹಾಗೆ. ಏಳಡಿಗೆ ಮುಗಿದು ದಪ್ಪ ಮರಳು ಬಂತು, ಹಿಂದೆಯೇ ನೀರು. ನೋಡನೋಡುತ್ತ ತೂತಿನಲ್ಲಿ ಮೇಲೇರಿತು.

"ನಾನು ಹೇಳಲಿಲ್ವಾ?" ಎಂದೆ.

"ಜೇಡಿ ಇದೆ ಅಂದಿದ್ದು ಸರಿ" ಎಂದರು ಭೂವಿಜ್ಞಾನಿಗಳು. "ಬಾವಿಗೆ ನೀರು ಕೊಡ್ತಿರೋದು ಕೆಳಗಿನ ಮರಳು. ಜೇಡಿ ಅದರ ಮುಚ್ಚಳ. ನೀವು ಎಂಟಡಿ ಗುಂಡಿ ತೆಗೆದ್ರೆ ಮುಚ್ಚಳ ಒಡೆದ ಹಾಗೆ."

ಜೇಡಿ ಇದೆ ಎಂದು ಅಷ್ಟು ವಾದಿಸಿದ ನಾನು ಅದು ಎಷ್ಟು ದಪ್ಪ ಇದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ನಿನ್ನ ಜೇಡಿನೇ ನಿನ್ನ ಸೋಲಿಸ್ತಲ್ಲ ಮಾರಾಯ್ತಿ" ಎಂದರು ಚಿಕ್ಕಪ್ಪ. ಕಣದ ಮೇಲ್ಬದಿಯಲ್ಲಿ ನೆಲದ ಮೇಲೇ ಸಿಮೆಂಟಿನ ತೊಟ್ಟಿ ಕಟ್ಟಬೇಕು, ನೀರೆತ್ತಲು ಮೋಟಾರು ಬೇರೆ ಎಂದು ಗೊಣಗುತ್ತ ಗೂಟಗಳನ್ನು ತಾವೇ ಕಿತ್ತರು.

ಅಕ್ಕನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. "ನಾಳೆ ಮತ್ತೆ ಏನಾದ್ರೂ ಹುಡುಕಿ ವಾದ ತೆಗೀತೀರಾ?"

"ಇಲ್ಲ ಅಕ್ಕ. ಮುಗೀತು."

ಅವರು ಬಾವಿಗೆ ಹೋಗಿ ಚೊಂಬಿನಲ್ಲಿ ನೀರು ತಂದರು. "ಕುಡೀರಿ ಸಣ್ಣಮ್ಮ. ಬೆಳಗ್ಗಿಂದ ಮಾತಾಡಿ ಗಂಟಲು ಒಣಗಿರುತ್ತೆ."

ತಣ್ಣಗಿತ್ತು, ಸ್ವಲ್ಪ ಕಬ್ಬಿಣದ ರುಚಿ. ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಪೂರ್ತಿ ಕುಡಿದೆ. ಇನ್ನೊಂದು ಚೊಂಬು ಕೇಳಿದೆ.